ತೊಂಬತ್ತೇಳನೇ ಪುಟದ ಒಕ್ಕಣ್ಣ

ನಮ್ಮ ಬಡಾವಣೆಯ ವಾಚನಾಲಯದ ಬೈಂಡರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಅವರಲ್ಲಿದ್ದ ದೋಷ ಒಂದೇ: ತಾವು ಹೊಲಿದ ಪುಸ್ತಕವನ್ನೆಲ್ಲ ಓದಿದ್ದೇನೆ ಎಂದು ಹೇಳಿಕೊಳ್ಳುವುದು. "ಓದದೆ ಸೂಜಿ ಹಾಕೋನಲ್ಲ ನಾನು" ಎಂದು ಅವರು ಅಂಟಿನ ಬ್ರಷ್ಷನ್ನು ಎತ್ತಿ ಹಿಡಿದು ಹೇಳುವಾಗ, ಎದುರಿಗಿದ್ದವರು ಮೈಮೇಲೆ ಹನಿ ಬಿದ್ದೀತೆಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅದನ್ನು ಬೈಂಡರು ಗೌರವ ಎಂದು ತಿಳಿದಿದ್ದರು. ನಿಜ ಹೇಳಬೇಕೆಂದರೆ ಅವರು ಪುಸ್ತಕದಲ್ಲಿ ಓದುತ್ತಿದ್ದದ್ದು ಪುಟಸಂಖ್ಯೆಯನ್ನು ಮಾತ್ರ. ಅದನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ವಾಚನಾಲಯದ ಹಿಂದಿನ ಶೆಡ್ಡು ಅವರ ಕಾರ್ಖಾನೆ. ಅಲ್ಲಿ ರಟ್ಟು, ದಾರದ ಉಂಡೆ, ಕ್ಯಾಲಿಕೊ ಬಟ್ಟೆ, ಅಂಟಿನ ಡಬ್ಬಿ, ಇವೆಲ್ಲದರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ. ಆ ಜಾಗಕ್ಕೂ ಈಚೆಗೆ ಕುತ್ತು ಬಂದಿತ್ತು. ವಾಚನಾಲಯದ ಅಧ್ಯಕ್ಷರು ನಿವೃತ್ತ ಎಂಜಿನಿಯರು. ಕೈಯಲ್ಲಿ ಮಾಡಿದ್ದು ಯಾವುದನ್ನು ಕಂಡರೂ ಅವರಿಗೆ ಅನುಮಾನ. ಬಸ್ ನಿಲ್ದಾಣದ ಹತ್ತಿರ ಹೊಸ ಅಂಗಡಿಯೊಂದರ ಯಂತ್ರ ಒಂದು ಬಾಗಿಲಲ್ಲಿ ಬಿಡಿ ಹಾಳೆ ನುಂಗಿ ಇನ್ನೊಂದು ಬಾಗಿಲಲ್ಲಿ ಪುಸ್ತಕ ಉಗುಳುವುದನ್ನು ನೋಡಿ ಬಂದ ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. ವರ್ಷದ ಸಭೆಯಲ್ಲಿ ಕೆಲಸವನ್ನು ಯಂತ್ರಕ್ಕೆ ವಹಿಸುವುದು, ಶೆಡ್ಡು ಖಾಲಿ ಮಾಡಿಸುವುದು ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಬೈಂಡರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಹೀಗಿರುವಾಗ ವಾಚನಾಲಯದ ಗೋಡೆಯೊಳಗಿನ ಪೈಪು ಒಡೆದು ಕೆಳಗಿನ ಕಪಾಟು ನೆನೆಯಿತು. ಯಾರೂ ಮುಟ್ಟದ ಎರಡು ಪುಸ್ತಕಗಳು ಹೊಲಿಗೆ ಬಿಟ್ಟು ಬೈಂಡರ ಶೆಡ್ಡಿಗೆ ಬಂದವು. ಒಂದು, ಗ್ರೀಕರ ಪ್ರಾಚೀನ ಮಹಾಕಾವ್ಯವನ್ನು ಗದ್ಯದಲ್ಲಿ ಹೇಳಿದ ಪುಸ್ತಕ. ಯುದ್ಧ ಮುಗಿಸಿದ ವೀರನೊಬ್ಬ ಕಡಲಲ್ಲಿ ಅಲೆದಲೆದು ವರ್ಷಗಟ್ಟಲೆ ತಡವಾಗಿ ಹೆಂಡತಿಯ ಬಳಿಗೆ ಮರಳುವ ಕಥೆ. ಇನ್ನೊಂದು, ನಮ್ಮ ಬಡಾವಣೆಯ ಟೆಲಿಫೋನಮ್ಮ ಬರೆದ ಒಂದೇ ಒಂದು ಕಾದಂಬರಿ. ಟೆಲಿಫೋನಮ್ಮ ಎಂದರೆ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಅವರ ಕಾದಂಬರಿಯಲ್ಲೂ ಗಂಡ ಊರು ಬಿಡುತ್ತಾನೆ. ಆದರೆ ಯುದ್ಧಕ್ಕಲ್ಲ, ವರ್ಗವಾಗಿ. ಎರಡೂ ಒಂದೇ ಮುದ್ರಣಾಲಯದ ಪುಸ್ತಕಗಳು. ಒಂದೇ ಅಳತೆ, ಒಂದೇ ಅಕ್ಷರ, ಒಂದೇ ಹಳದಿ ಕಾಗದ.

ಬೈಂಡರು ಎರಡನ್ನೂ ಬಿಚ್ಚಿ, ಒಣಗಿಸಿ, ನೆಲದ ಮೇಲೆ ಕಂತೆ ಕಂತೆಯಾಗಿ ಜೋಡಿಸಿಕೊಂಡಿದ್ದಾಗ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು.

"ರೀ, ಅಡುಗೆಮನೆ ನಲ್ಲಿ..."

"ಕೆಲಸದಲ್ಲಿದ್ದೀನಿ, ಕಾಣಲ್ವಾ?"

"ಕಾಣುತ್ತೆ. ನಲ್ಲಿ ವಿಷಯ ಹೇಳಕ್ಕೆ ಬಂದೆ."

"ಸಂಜೆ ಹೇಳು. ಡಬ್ಬಿ ಇಟ್ಟು ಹೋಗು."

ಡಬ್ಬಿ ಇಡಲು ಜಾಗವಿರಲಿಲ್ಲ. ಬೈಂಡರು ಸಿಡುಕುತ್ತ ಎರಡು ಕಂತೆಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ಡಬ್ಬಿ ಕೂತಿತು, ಹೆಂಡತಿ ಹೋದಳು. ಕಂತೆಗಳು ಕೆಳಗಿಳಿದಾಗ ಬಲಗೈಯದು ಎಡಕ್ಕೆ, ಎಡಗೈಯದು ಬಲಕ್ಕೆ ಹೋಗಿದ್ದವು. ಎರಡರಲ್ಲೂ ತೊಂಬತ್ತೇಳರಿಂದ ನೂರಿಪ್ಪತ್ತೆಂಟರವರೆಗೆ ಪುಟಗಳು. ಬೈಂಡರು ಪುಟಸಂಖ್ಯೆ ನೋಡಿದರು, ಸರಿಯಾಗಿತ್ತು, ಹೊಲಿದರು.

ಮೊದಲು ಶೆಡ್ಡಿಗೆ ಬಂದದ್ದು ಔಷಧಿ ಅಂಗಡಿಯವರು. ಹೊಸ ಬೈಂಡು ಚೆನ್ನಾಗಿ ಕಂಡಿತೆಂದು ಟೆಲಿಫೋನಮ್ಮನ ಕಾದಂಬರಿಯನ್ನು ಒಯ್ದಿದ್ದರು. ಕೈಯಲ್ಲಿ ಪುಸ್ತಕ, ಮುಖದಲ್ಲಿ ವೈದ್ಯರ ಚೀಟಿ ಓದಲಾಗದಾಗಿನ ಕಳವಳ.

"ಬೈಂಡರೇ, ನೀವು ಓದಿರ್ತೀರಲ್ಲ, ಒಂದು ಸಂಶಯ. ತೊಂಬತ್ತಾರನೇ ಪುಟದಲ್ಲಿ ಗಂಡ ವರ್ಗ ಮುಗಿಸ್ಕೊಂಡು ಮನೆಗೆ ಬರ್ತಾನೆ. ಹೆಂಡತಿ, 'ಇಷ್ಟು ವರ್ಷ ಅಲ್ಲಿ ಏನೇನಾಯ್ತು' ಅಂತ ಕೇಳ್ತಾಳೆ. ಸರಿ ತಾನೇ?"

"ಸರಿ" ಎಂದರು ಬೈಂಡರು, ಸೂಜಿಗೆ ದಾರ ಪೋಣಿಸುತ್ತ.

"ತೊಂಬತ್ತೇಳನೇ ಪುಟದಲ್ಲಿ ಅವನು ಹೇಳ್ತಾನೆ: ನಮ್ಮ ಹಡಗು ದ್ವೀಪದ ದಡ ಮುಟ್ಟಿತು. ಅವನು ಹೋಗಿದ್ದು ಲೆಕ್ಕಪತ್ರ ಇಲಾಖೆಗೆ, ಬಸ್ಸಲ್ಲಿ. ಹಡಗು ಎಲ್ಲಿಂದ ಬಂತು? ಅಲ್ಲೊಂದು ಗುಹೆ. ಗುಹೆಯಲ್ಲಿ ಹಣೆ ಮಧ್ಯೆ ಒಂದೇ ಕಣ್ಣಿರೋ ರಾಕ್ಷಸ. ಇವನ ಜೊತೆಯವರನ್ನ ಇಬ್ಬಿಬ್ಬರಂತೆ ಹಿಡಿದು ತಿಂತಾನೆ. ಹೆಸರೇನು ಅಂತ ಕೇಳಿದ್ರೆ ಇವನು, ನಾನು ಯಾರೂ ಅಲ್ಲ ಅಂತಾನೆ. ಆಮೇಲೆ ಆ ಕಣ್ಣು ಕುರುಡು ಮಾಡಿ, ಕುರಿ ಹೊಟ್ಟೆ ಕೆಳಗೆ ಜೋತುಬಿದ್ದು ತಪ್ಪಿಸ್ಕೊಳ್ತಾನೆ. ನೂರಿಪ್ಪತ್ತೊಂಬತ್ತನೇ ಪುಟದಲ್ಲಿ ಕೈಕಾಲು ತೊಳ್ಕೊಂಡು ಊಟಕ್ಕೆ ಕೂರ್ತಾನೆ. ಏನಿದು?"

ಬೈಂಡರಿಗೆ ಅಂದು ಎರಡು ಕೈಯಲ್ಲಿ ಎತ್ತಿಕೊಂಡ ಕಂತೆಗಳು ನೆನಪಾದವು. ಆ ಕ್ಷಣದಲ್ಲಿ 'ಕಂತೆ ಅದಲುಬದಲಾಗಿದೆ' ಎಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊರಗಿನ ಕಿಟಕಿಯಲ್ಲಿ ಅಧ್ಯಕ್ಷರ ಬೋಳುತಲೆ ಕಾಣಿಸುತ್ತಿತ್ತು. ಬೈಂಡರು ಸೂಜಿ ಕೆಳಗಿಟ್ಟು ಕನಿಕರದಿಂದ ನಕ್ಕರು.

"ಇಷ್ಟು ಓದಿದೋರಿಗೆ ಇದು ಹೊಳೀಲಿಲ್ವಾ? ಗುಹೆ ಅಂದ್ರೆ ಆಫೀಸು."

"ಒಕ್ಕಣ್ಣ?"

"ಮ್ಯಾನೇಜರು. ತನಗೆ ಬೇಕಾದ್ದು ಮಾತ್ರ ಕಾಣೋದು."

"ನಾನು ಯಾರೂ ಅಲ್ಲ ಅನ್ನೋದು?"

"ಗುಮಾಸ್ತ ಇನ್ನೇನು ಹೇಳ್ತಾನೆ?"

"ಕುರಿ?"

"ಅದನ್ನೂ ನಾನೇ ಹೇಳ್ಬೇಕಾ?"

ಸ್ವಂತ ಅಂಗಡಿ ತೆರೆಯುವ ಮುಂಚೆ ಔಷಧಿ ಅಂಗಡಿಯವರು ಒಂದು ಕಂಪನಿಯಲ್ಲಿದ್ದವರು. "ನಾನೂ ಹಾಗೇ ತಪ್ಪಿಸ್ಕೊಂಡು ಬಂದೋನು" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೊರಟರು. ಅಂದಿನಿಂದ ಅವರ ಅಂಗಡಿಯಲ್ಲಿ ಜ್ವರದ ಮಾತ್ರೆ ಕೇಳಿದವರಿಗೆಲ್ಲ ಮಾತ್ರೆಯ ಜೊತೆ ಒಕ್ಕಣ್ಣನ ಕಥೆಯೂ ಸಿಗತೊಡಗಿತು.

ಬೈಂಡರು ಗ್ರೀಕ್ ಪುಸ್ತಕ ತೆಗೆದು ತೊಂಬತ್ತೇಳನೇ ಪುಟ ತೆರೆದರು. ಮೊದಲ ಸಾಲುಗಳಲ್ಲೇ 'ನಲ್ಲಿ' ಎಂಬ ಮಾತು ಕಂಡಿತು. ಮನೆಯಲ್ಲಿ ಕೇಳಿದ್ದು ಸಾಲದೇ ಎಂದು ಫಟ್ಟನೆ ಮುಚ್ಚಿದರು. ಕಾದಂಬರಿ ವಾಪಸ್ ಬಂದ ಕೂಡಲೇ ಗುಟ್ಟಾಗಿ ಸರಿಪಡಿಸಬೇಕು ಎಂದು ಯೋಚಿಸಿದರು. ಆದರೆ ಕಾದಂಬರಿ ವಾಪಸ್ ಬರಲೇ ಇಲ್ಲ. ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ನಾಲ್ಕನೆಯದೋ ಐದನೆಯದೋ ಕೈ ಮೇಷ್ಟ್ರದು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಅವರು, ಯಾವುದಾದರೂ ಪುಸ್ತಕದಲ್ಲಿ ತಾನೊಬ್ಬನೇ ಏನನ್ನಾದರೂ ಪತ್ತೆ ಹಚ್ಚಬೇಕು ಎಂದು ಜೀವಮಾನವೆಲ್ಲ ಕಾದಿದ್ದರು. ಪತ್ತೆಯಾಯಿತು. ಮರುದಿನವೇ ವಾಚನಾಲಯದ ಸೂಚನಾ ಫಲಕದಲ್ಲಿ ಅವರ ಲೇಖನ: 'ಪ್ರಾಚೀನ ಗ್ರೀಕ್ ಮಹಾಕಾವ್ಯದ ಉಲ್ಲೇಖಗಳು ನಂತರದ ಕಾದಂಬರಿಗಳಲ್ಲಿ: ನಮ್ಮ ಬಡಾವಣೆಯಿಂದ ಒಂದು ನಿದರ್ಶನ'. ಮರಳಿ ಬರುವ ಗಂಡ, ಕಾಯುವ ಹೆಂಡತಿ, ನಡುವೆ ಒಕ್ಕಣ್ಣ. ಕವಿ ಕಡಲಿನಲ್ಲಿ ಕಂಡದ್ದನ್ನು ಟೆಲಿಫೋನಮ್ಮ ಕಚೇರಿಯಲ್ಲಿ ಕಂಡಿದ್ದಾರೆ ಎಂದು ಅವರು ತಡೆಯಿಲ್ಲದೆ ಬರೆದಿದ್ದರು. ಆ ಕಾವ್ಯದ ಯುದ್ಧದಲ್ಲಿ ಕೋಟೆಯೊಳಗೆ ಉಡುಗೊರೆಯಾಗಿ ಹೋದ ಮರದ ಕುದುರೆ, ಅದರ ಹೊಟ್ಟೆಯೊಳಗೆ ಅಡಗಿದ್ದ ಸೈನಿಕರು, ಇವರ ವಿಷಯವನ್ನೂ ಅಡಿಟಿಪ್ಪಣಿಯಲ್ಲಿ ಸೇರಿಸಿದ್ದರು. ಇದರ ಪರಿಣಾಮವಾಗಿ ಮೂಲೆಮನೆಯಾಕೆ, ಅತ್ತೆ ಉಡುಗೊರೆ ಕಳಿಸಿದ ಮರದ ಬೀರುವನ್ನು ಬಾಗಿಲಲ್ಲೇ ನಿಲ್ಲಿಸಿ, ನಾಲ್ಕೂ ಕಡೆ ಬಡಿದು ನೋಡಿದ ಮೇಲೆ ಒಳಗೆ ಬಿಟ್ಟಳು. ಬೀರುವಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಮರುದಿನದ ಬಸ್ಸಿನಲ್ಲಿ ಬಂದರು.

ಬೈಂಡರ ಹೆಂಡತಿಯ ತಮ್ಮ ಅದೇ ದೂರವಾಣಿ ಕಚೇರಿಯಲ್ಲಿ ಗುಮಾಸ್ತ. ಒಂದು ಸಂಜೆ ಅವನು ಮುಖ ಊದಿಸಿಕೊಂಡು ಮನೆಗೆ ಬಂದ.

"ಭಾವ, ನನ್ನ ಕೆಲಸಕ್ಕೆ ಸಂಚಕಾರ ತಂದ್ರಲ್ಲ."

"ನಾನೇನು ಮಾಡ್ದೆ?"

"ಒಕ್ಕಣ್ಣ ಅಂದ್ರೆ ಮ್ಯಾನೇಜರು ಅಂತ ಯಾರು ಹೇಳಿದ್ದು? ನಮ್ಮ ಮ್ಯಾನೇಜರು ಪುಸ್ತಕ ತರಿಸ್ಕೊಂಡು ಓದಿದ್ರು. ಒಳಗೆ ಕರೆದು, ನೇರ ಹೇಳು, ಇದು ನಾನೇನಾ ಅಂತ ಕೇಳಿದ್ರು. ಅಲ್ಲ ಸರ್, ನಿಮಗೆ ಎರಡು ಕಣ್ಣಿದೆ ಅಂದೆ. ಅದಕ್ಕೆ, ಎಣಿಸಿ ನೋಡಿದ್ದೀಯಾ ಅಂದ್ರು."

"ಆಮೇಲೆ?"

"ಹೊರಗೆ ಬಂದ್ರೆ ನೌಕರರ ಸಂಘದೋರು. ಒಕ್ಕಣ್ಣನ ವಿಷಯದಲ್ಲಿ ಅವರ ತಕರಾರಿಲ್ಲ. ಕುರಿ ಅಂದ್ರೆ ನಾವೇನಾ ಅಂತ ಕೇಳ್ತಿದ್ದಾರೆ. ಲಿಖಿತ ಉತ್ತರ ಬೇಕಂತೆ."

ಒಳಗಿನಿಂದ ಬೈಂಡರ ಹೆಂಡತಿ, "ಅಲ್ಲ ಕಣೋ, ಇವರು ಆ ಪುಸ್ತಕ ಓದಿದ್ದು ಯಾವಾಗ?" ಎಂದಳು. ಬೈಂಡರಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಕೇಳಿಸಬಾರದ ಪ್ರಶ್ನೆಗಳು ಅವರಿಗೆ ಮೊದಲಿನಿಂದಲೂ ಕೇಳಿಸುತ್ತಿರಲಿಲ್ಲ.

ಅತ್ಯಂತ ದೊಡ್ಡ ಬದಲಾವಣೆಯಾದದ್ದು ಅಧ್ಯಕ್ಷರಲ್ಲಿ. ವಾಚನಾಲಯದ ಮುಂದೆ ಜನ ಸಾಲು ನಿಂತದ್ದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಶೆಡ್ಡಿಗೇ ಬಂದು ರಟ್ಟಿನ ರಾಶಿಯ ಮೇಲೆ ಕೂತರು.

"ಬೈಂಡರೇ, ವರ್ಷದ ಸಭೇಲಿ ಟೆಲಿಫೋನಮ್ಮಂಗೆ ಸನ್ಮಾನ. ಅಲ್ಲೇ ನಿಮ್ಮ ವಿಷಯಾನೂ ಹೇಳ್ಬಿಡ್ತೀನಿ. ಕೆಲಸ ನಿಮಗೇ ಇರಲಿ. ಯಂತ್ರ ಏನಿದ್ರೂ ಹಾಳೆ ಸೇರಿಸುತ್ತೆ, ಹೀಗೆ ಅರ್ಥ ಬಿಡಿಸಿ ಹೇಳುತ್ತಾ?"

ಹೇಳದೆ ಇದ್ದರೆ ಶೆಡ್ಡು ಉಳಿಯುತ್ತದೆ, ಹೇಳಿದರೆ ಹೋಗುತ್ತದೆ. ಇಷ್ಟು ಸುಲಭದ ಲೆಕ್ಕ ಬೈಂಡರಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅವರು ಹೇಳಬಾರದೆಂದು ನಿರ್ಧರಿಸಿ, ಸನ್ಮಾನದ ಆಹ್ವಾನ ಮುಟ್ಟಿಸಲು ಟೆಲಿಫೋನಮ್ಮನ ಮನೆಗೆ ಹೊರಟರು.

ಟೆಲಿಫೋನಮ್ಮ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ನೆಟ್ಟಗೆ ಕೂರುವುದು, ಸ್ಪಷ್ಟವಾಗಿ ಮಾತಾಡುವುದು, ಎದುರಿನವರು ಮುಗಿಸುವ ತನಕ ಕಾಯುವುದು, ಇವು ಕೆಲಸದಿಂದ ಬಂದ ಅಭ್ಯಾಸಗಳು. ಮೊಣಕಾಲು ನೋವಿನಿಂದ ಅವರು ಕೆಳಗಿಳಿಯುವುದೇ ಅಪರೂಪ. ಕಾದಂಬರಿಯ ಒಂದು ಪ್ರತಿಯೂ ಅವರ ಬಳಿ ಉಳಿದಿರಲಿಲ್ಲ.

"ಜನ ಓದ್ತಿದ್ದಾರಾ?" ಎಂದು ಕೇಳಿದರು. "ಇಷ್ಟು ವರ್ಷದ ಮೇಲೆ?"

"ಸಾಲು ನಿಂತು ಓದ್ತಿದ್ದಾರೆ ಅಮ್ಮ. ಅದರಲ್ಲೂ ತೊಂಬತ್ತೇಳನೇ ಪುಟದಿಂದ ಮುಂದೆ ಇದೆಯಲ್ಲ, ಎಲ್ಲರ ಬಾಯಲ್ಲೂ ಅದೇ."

ಟೆಲಿಫೋನಮ್ಮ ಕುರ್ಚಿಯ ಕೈ ಹಿಡಿದುಕೊಂಡರು. ಅವರ ಮುಖ ನೋಡುನೋಡುತ್ತಿದ್ದಂತೆ ಎಳೆಯದಾಯಿತು.

"ಅದನ್ನಾ? ಅದನ್ನ ಯಾರೂ ಓದಲ್ಲ ಅಂದ್ಕೊಂಡಿದ್ದೆ. ಪುಸ್ತಕ ಬರೆದಿದ್ದೇ ಅದಕ್ಕೋಸ್ಕರ ಕಣಪ್ಪಾ. ನಮ್ಮ ಕಾಲದಲ್ಲಿ ದೂರದೂರಿಗೆ ಫೋನು ಮಾಡಿದ್ರೆ ಮೂರು ನಿಮಿಷ. ಹೆಣ್ಣುಮಕ್ಕಳು ಬಂದು ಗಂಡಂಗೆ ಫೋನು ಹಚ್ಚಿಸ್ಕೊಳ್ಳೋರು. ಆರೋಗ್ಯವಾ, ಊಟ ಮಾಡ್ತೀರಾ ಅಂತ ಕೇಳೋ ಹೊತ್ತಿಗೆ ಮೂರು ನಿಮಿಷ ಆಗಿರೋದು. ತಮ್ಮ ವಿಷಯಕ್ಕೆ ಬಾಯಿ ತೆಗೀತಿದ್ದ ಹಾಗೆ ನಾನು ಲೈನು ತೆಗೀತಿದ್ದೆ. ಕೆಲಸವೇ ಅದು. ಅದಕ್ಕೇ ಆ ಕಾದಂಬರೀಲಿ, ಗಂಡ ಮನೆಗೆ ಬಂದ ಮೇಲೆ ಅವಳನ್ನ ಮಾತಾಡಕ್ಕೆ ಬಿಟ್ಟೆ. ಎರಡು ಫಾರಂ, ಅಂದ್ರೆ ಮೂವತ್ತೆರಡು ಪುಟ ಪೂರ್ತಿ ಅವಳೇ ಮಾತಾಡ್ತಾಳೆ. ಮಧ್ಯೆ ಯಾರೂ ಲೈನು ತೆಗೆಯೋದಿಲ್ಲ."

ಬೈಂಡರು, ಅವರು ಕೊಟ್ಟ ನೀರನ್ನು ಕುಡಿಯದೆ, ಲೋಟ ಹಿಡಿದುಕೊಂಡೇ ಎರಡು ಮಹಡಿ ಇಳಿದರು. ಮತ್ತೆ ಹತ್ತಿ ಲೋಟ ವಾಪಸ್ ಕೊಟ್ಟು ಬಂದರು. ಆಗಲೂ ಹೇಳಲಿಲ್ಲ.

ಸಭೆಯ ದಿನ ವಾಚನಾಲಯದ ದೊಡ್ಡ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ದೂರವಾಣಿ ಕಚೇರಿಯ ಮ್ಯಾನೇಜರು ಎರಡೂ ಕಣ್ಣು ಚೆನ್ನಾಗಿ ತೆರೆದುಕೊಂಡು ಕೂತಿದ್ದರು. ಗೋಡೆಯ ಪಕ್ಕ ಮೇಜಿನ ಮೇಲೆ ಚಹಾ, ಬಿಸ್ಕತ್ತು. ಕೊನೆಯ ಬೆಂಚಿನಲ್ಲಿ ಬೈಂಡರ ಹೆಂಡತಿ. ಬಾಗಿಲ ಬಳಿ ಬೈಂಡರು. ಅವರ ಕಂಕುಳಲ್ಲಿ ಗ್ರೀಕ್ ಪುಸ್ತಕ. ಅದನ್ನು ಏಕೆ ತಂದಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ.

ಮೇಷ್ಟ್ರು ಒಕ್ಕಣ್ಣನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಪುಸ್ತಕವನ್ನು ಟೆಲಿಫೋನಮ್ಮನ ಕೈಗಿತ್ತು, "ಆ ಅಮೋಘ ಭಾಗವನ್ನ ಲೇಖಕಿಯ ಬಾಯಲ್ಲೇ ಕೇಳೋಣ" ಎಂದರು.

ಟೆಲಿಫೋನಮ್ಮ ಕನ್ನಡಕ ಹಾಕಿಕೊಂಡು ತೊಂಬತ್ತೇಳನೇ ಪುಟ ತೆರೆದರು. "ನಮ್ಮ ಹಡಗು ದ್ವೀಪದ ದಡ..." ಎಂದು ಓದಿ ನಿಲ್ಲಿಸಿದರು. ಹಾಳೆ ತಿರುವಿದರು. ಇನ್ನೊಂದು ತಿರುವಿದರು.

"ಇದು ನಾನು ಬರೆದದ್ದಲ್ಲ."

"ದೊಡ್ಡವರ ವಿನಯ ಅಂದ್ರೆ ಇದು" ಎಂದರು ಮೇಷ್ಟ್ರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ವಿನಯ ಅಲ್ಲ. ನಾನು ಹಡಗು ನೋಡಿದೋಳೇ ಅಲ್ಲ."

"ಆ ಗ್ರೀಕ್ ಕವಿಗೆ ಕಣ್ಣೇ ಇರಲಿಲ್ಲ ಅಂತಾರೆ." ಇನ್ನೂ ಜೋರು ಚಪ್ಪಾಳೆ.

ಟೆಲಿಫೋನಮ್ಮ ಚಪ್ಪಾಳೆ ನಿಲ್ಲುವ ತನಕ ಕಾದರು. ಆಮೇಲೆ ಪುಸ್ತಕದ ಕಡೆಗೇ ನೋಡುತ್ತ, ಯಾರನ್ನೂ ಉದ್ದೇಶಿಸದೆ, "ಅವಳು ಎಲ್ಲಿ ಹೋದಳು?" ಎಂದು ಕೇಳಿದರು.

ಅದು ಬಾಗಿಲ ಬಳಿ ಇದ್ದ ಬೈಂಡರಿಗೆ ಕೇಳಿಸಿತು. ಈ ಸಲ ಕೇಳಿಸದ ಹಾಗೆ ಇರಲು ಅವರಿಂದ ಆಗಲಿಲ್ಲ. ಅವರು ಜನರ ಕಾಲು ತುಳಿಯುತ್ತ ಮುಂದೆ ಬಂದರು.

"ತಪ್ಪು ನನ್ನದು. ಎರಡು ಪುಸ್ತಕದ ಕಂತೆ ಅದಲುಬದಲಾಗಿದೆ. ಅಮ್ಮ ಬರೆದದ್ದು ಇದರೊಳಗಿದೆ" ಎಂದು ಗ್ರೀಕ್ ಪುಸ್ತಕ ಎತ್ತಿ ತೋರಿಸಿದರು.

ಯಾರೂ ನಂಬಲಿಲ್ಲ. ಅಧ್ಯಕ್ಷರು ಕಾದಂಬರಿಯನ್ನು ತೆಗೆದುಕೊಂಡು ಬೆರಳಿಟ್ಟು ಓದಿದರು. "ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ಎಲ್ಲ ಸರಿಯಾಗೇ ಇದೆಯಲ್ರೀ."

"ಹಾಗೆ ನೋಡಿಯೇ ನಾನೂ ಕೆಟ್ಟದ್ದು ಸರ್."

ಔಷಧಿ ಅಂಗಡಿಯವರು ಎದ್ದು ನಿಂತರು. "ಒಕ್ಕಣ್ಣ ಅಂದ್ರೆ ಮ್ಯಾನೇಜರು ಅಂತ ನೀವೇ ತಾನೇ ಹೇಳಿದ್ದು?"

"ಸುಳ್ಳು ಹೇಳ್ದೆ. ನಾನು ಓದೇ ಇರಲಿಲ್ಲ."

"ಇದನ್ನಾ?"

"ಯಾವುದನ್ನೂ."

ಕೋಣೆಯಲ್ಲಿ ಯಾರೋ ಬಿಸ್ಕತ್ತು ಕಡಿದದ್ದು ಕೇಳಿಸಿತು. ಮ್ಯಾನೇಜರು ನಿಧಾನವಾಗಿ ಎದ್ದು, "ಹಾಗಾದ್ರೆ ಆ ಒಕ್ಕಣ್ಣ ನಾನಲ್ಲ?" ಎಂದು ಕೇಳಿದರು.

"ಅಲ್ಲ ಸರ್. ಅವನು ಬಹಳ ಹಳಬ."

ಮ್ಯಾನೇಜರು ಕೂತರು. ಅವರಿಗೆ ಸಮಾಧಾನವಾಗಬೇಕಿತ್ತು. ಆದರೆ ಮಹಾಕಾವ್ಯದಲ್ಲಿ ತನಗೊಂದು ಜಾಗವಿದೆ ಎಂದುಕೊಂಡು ಅಷ್ಟು ದಿನ ಅಭ್ಯಾಸವಾಗಿದ್ದವರು, ಕೊಂಚ ಸಪ್ಪಗಾದರು.

ಬೈಂಡರು ಗ್ರೀಕ್ ಪುಸ್ತಕ ತೆರೆದು ತೊಂಬತ್ತಾರನೇ ಪುಟದ ಕೊನೆಯಿಂದ ಓದತೊಡಗಿದರು. ಔತಣ ಮುಗಿದ ಮೇಲೆ ರಾಜ ತನ್ನ ಅತಿಥಿಯಾದ ವೀರನನ್ನು, ನಿನ್ನ ಕಥೆ ಹೇಳು ಎಂದು ಕೇಳುತ್ತಾನೆ. ಹಾಳೆ ತಿರುಗಿತು.

"ನನ್ನದೇನಿದೆ ಹೇಳೋದಕ್ಕೆ, ನೀನೇ ಹೇಳು ಅಂದರು ಅವರು. ಸರಿ, ಕೇಳಿ. ನೀವು ಹೋದ ಮೇಲೆ ಮೊದಲು ಕೆಟ್ಟದ್ದು ನಲ್ಲಿ."

ಜನ ಗೊಳ್ಳೆಂದು ನಕ್ಕರು. ಬೈಂಡರು ತಲೆಯೆತ್ತಿ ಕೊನೆಯ ಬೆಂಚು ನೋಡಿದರು. ಹೆಂಡತಿ ನಗುತ್ತಿರಲಿಲ್ಲ. ಅವರು ಅಲ್ಲಿಗೇ ನಿಲ್ಲಿಸಲು ನೋಡಿದರು. ಟೆಲಿಫೋನಮ್ಮ, "ಮುಂದೆ ಓದಿ, ಲೈನು ತೆಗೀಬೇಡಿ" ಎಂದರು.

ಬೈಂಡರು ಓದಿದರು. ನಲ್ಲಿ ರಿಪೇರಿಯವನು ನಾಳೆ ಬರುತ್ತೇನೆಂದು ಹೇಳುತ್ತಲೇ ಇದ್ದದ್ದು, ಅವಳು ತಾನೇ ಸ್ಪ್ಯಾನರ್ ಹಿಡಿದು ಮೈಯೆಲ್ಲ ನೀರು ಮಾಡಿಕೊಂಡದ್ದು, ಮಾವನ ಜ್ವರ, ಮನೆ ಮಾಲೀಕನ ಮಾತು, ಊರಿಗೆಲ್ಲ ಬಟ್ಟೆ ಹೊಲಿದು ತನ್ನ ರವಿಕೆ ಹೊಲಿಯಲು ಮರೆತದ್ದು. ಒಂದು ದಿನ ಫೋನು ಹಚ್ಚಿಸಿ, ಊಟ ಮಾಡ್ತೀರಾ ಎಂದು ಕೇಳುವಷ್ಟರಲ್ಲಿ ಮೂರು ನಿಮಿಷ ಮುಗಿದದ್ದು. ಬೈಂಡರಿಗೆ ಓದಿ ಅಭ್ಯಾಸವಿಲ್ಲ. ಅಲ್ಲಲ್ಲಿ ತಡವರಿಸಿದರು, ಪುಟ ಮುಗಿದಾಗ ಅಭ್ಯಾಸಬಲದಿಂದ ಪುಟಸಂಖ್ಯೆಯನ್ನೂ ಓದಿದರು. ಯಾರೂ ನಗಲಿಲ್ಲ. ಚಹಾ ಆರಿತು. ಬೀಗ ಹಾಕಲು ಬಂದ ಕಾವಲುಗಾರ ಬೀಗ ಹಿಡಿದುಕೊಂಡೇ ಹೊಸಿಲ ಮೇಲೆ ಕೂತ. ಮೂಲೆಮನೆಯಾಕೆಯ ಪಕ್ಕದಲ್ಲಿದ್ದ ಅತ್ತೆ, ಸೊಸೆಯ ಕರ್ಚೀಫನ್ನೇ ಕೇಳಿ ಪಡೆದು ಮೂಗೊರೆಸಿಕೊಂಡರು.

ಓದು ಮುಗಿದ ಮೇಲೆ ಮೊದಲು ಚೇತರಿಸಿಕೊಂಡವರು ಮೇಷ್ಟ್ರು. "ಇದರಿಂದ ಒಂದು ವಿಷಯ ಖಚಿತ" ಎಂದರು ಗಂಭೀರವಾಗಿ. "ನಮ್ಮ ಟೆಲಿಫೋನಮ್ಮನ ಕಾದಂಬರಿಯ ಪರಿಚಯ ಪ್ರಾಚೀನ ಗ್ರೀಕರಿಗೂ ಇತ್ತು."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅದಿರಲಿ. ಇಂಥ ತಪ್ಪಾದ ಮೇಲೆ ಕೆಲಸ ಯಂತ್ರಕ್ಕೆ ಕೊಡದೆ ಬೇರೆ ದಾರಿ ಇಲ್ಲ. ಶೆಡ್ಡು ಈ ತಿಂಗಳೇ..."

"ಒಂದು ನಿಮಿಷ" ಎಂದರು ಟೆಲಿಫೋನಮ್ಮ. ಆ ದನಿಗೆ ಅಧ್ಯಕ್ಷರೂ ಬಾಯಿ ಮುಚ್ಚಿದರು. "ಯಂತ್ರಕ್ಕೆ ಕೊಟ್ರೆ ತಪ್ಪಾಗಲ್ಲ, ನಿಜ. ಸರಿಯಾಗೇ ಹೊಲಿದಿದ್ದಾಗ ಈ ಪುಸ್ತಕ ಕೆಳಗಿನ ಕಪಾಟಲ್ಲಿ ಎಷ್ಟು ವರ್ಷ ಇತ್ತು? ಯಾರು ಓದಿದ್ರಿ? ಇವತ್ತು ಅವಳು ಮೊದಲನೇ ಸಲ ಪೂರ್ತಿ ಮಾತಾಡಿದಳು. ಕೆಲಸ ಇವರಿಗೇ ಇರಲಿ. ನನ್ನ ಪುಟ ನನಗೆ ಹೊಲಿದು ಕೊಡಲಿ, ಅವನ ಹಡಗು ಅವನಿಗೆ ಕೊಡಲಿ. ಆದ್ರೆ ಇನ್ನು ಮುಂದೆ ಓದಿಯೇ ಹೊಲೀಬೇಕು."

ಬೇಡ ಎನ್ನುವ ಧೈರ್ಯ ಅಧ್ಯಕ್ಷರಿಗೆ ಬರಲಿಲ್ಲ. ಕಾವಲುಗಾರ ಕೂಡ ಬೀಗ ಬದಿಗಿಟ್ಟು ಚಪ್ಪಾಳೆ ಹೊಡೆಯುತ್ತಿದ್ದ. ಹೀಗೆ ಬೈಂಡರ ಶೆಡ್ಡು ಉಳಿಯಿತು. ಆದರೆ ಓದಿಯೇ ಹೊಲಿಯಬೇಕೆಂಬ ಶಿಕ್ಷೆಯಿಂದಾಗಿ ವಾಚನಾಲಯದ ಬೈಂಡಿಂಗ್ ಕೆಲಸ ಅಂದಿನಿಂದ ಇಂದಿನವರೆಗೂ ಹಿಂದೆ ಬಿದ್ದೇ ಇದೆ.

ಸಭೆ ಮುಗಿಸಿ ಗಂಡ ಹೆಂಡತಿ ಜೊತೆಯಲ್ಲೇ ಮನೆಗೆ ಬಂದರು. ಬೈಂಡರು ಅಂಗಿಯ ತೋಳು ಮಡಚಿ, ಪಾತ್ರೆಗಳ ಹಿಂದೆ ಹುಡುಕಿ ಸ್ಪ್ಯಾನರ್ ತೆಗೆದುಕೊಂಡು, ನೇರವಾಗಿ ಅಡುಗೆಮನೆಯ ನಲ್ಲಿಯ ಮುಂದೆ ನಿಂತರು. ನಲ್ಲಿಯಿಂದ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ.

"ಇದು ಸರಿ ಆಗಿದೆಯಲ್ಲೇ?"

"ಆವತ್ತೇ ಆಗಿತ್ತು. ನಾನೇ ಸರಿ ಮಾಡಿದೆ. ಅದನ್ನೇ ಹೇಳಕ್ಕೆ ಬಂದಿದ್ದು ಶೆಡ್ಡಿಗೆ."

ಬೈಂಡರು ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹೇಗೆ ಮಾಡಿದೆ, ಹೇಳು" ಎಂದರು.

ಹೆಂಡತಿ ಅವರ ಮುಖವನ್ನೇ ನೋಡಿದಳು. ಹಣೆ ಮುಟ್ಟಿ ಜ್ವರವಿಲ್ಲವೆಂದು ಖಚಿತ ಮಾಡಿಕೊಂಡಳು. ಆಮೇಲೆ ಸ್ಪ್ಯಾನರ್ ಇಸಿದುಕೊಂಡು ಜಾಗದಲ್ಲಿಟ್ಟು, ಎರಡು ಮಣೆ ಎಳೆದು ಹಾಕಿದಳು.

"ಕೂತ್ಕೊಳ್ಳಿ" ಎಂದಳು. "ಇದು ಮೂರು ನಿಮಿಷದಲ್ಲಿ ಮುಗಿಯೋದಲ್ಲ."

ಬೈಂಡರು ಕೂತರು.